ಜಿಎಸ್‌ಟಿ ನಂಬರ್ ಅಸಲಿ, ಅಂಗಡಿ ನಕಲಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇತ್ತು. ವಿಜಯನಗರದಲ್ಲಿ ಮನೆಯಿಂದಲೇ ಸೀರೆ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬರು ಸೂರತ್‌ನ ಹೋಲ್‌ಸೇಲ್ ಅಂಗಡಿ ಎಂದು ಹೇಳಿಕೊಂಡ ಒಂದು ವೆಬ್‌ಸೈಟಿನಲ್ಲಿ 160 ಸೀರೆಗೆ ಆರ್ಡರ್ ಕೊಟ್ಟರು. ಎಂಟು ಪೀಸಿನ ಸೆಟ್, ಅಂಥ ಇಪ್ಪತ್ತು ಸೆಟ್. ಪೀಸಿಗೆ 285 ರೂಪಾಯಿ, ಮೇಲೆ ಶೇ 5 ಜಿಎಸ್‌ಟಿ, ಒಟ್ಟು 47,880. ಅರ್ಧ ಮುಂಗಡ ಹಾಕಿದ ಮರುದಿನವೇ ಲಾರಿ ರಸೀದಿಯ (ಎಲ್‌ಆರ್) ಫೋಟೊ ಬಂತು. ಮಾಲು ಹೊರಟಿದೆ, ಬಾಕಿ ಹಾಕಿದರೆ ಕಲಾಸಿಪಾಳ್ಯದಲ್ಲಿ ಬಿಡಿಸಿಕೊಳ್ಳಿ ಎಂದರು. ಬಾಕಿ ಹಾಕಿದ್ದಾಯಿತು. ಆಮೇಲೆ ಇನ್ಶೂರೆನ್ಸ್ ಎಂದು 4,500 ಕೇಳಿದರು, ಮಾಲು ತಲುಪಿದ ಮೇಲೆ ವಾಪಸ್ ಎಂದರು. ಅದನ್ನೂ ಹಾಕಿದ್ದಾಯಿತು. ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ವಿಚಾರಿಸಿದರೆ ಆ ಎಲ್‌ಆರ್ ನಂಬರೇ ಅವರ ದಾಖಲೆಯಲ್ಲಿ ಇರಲಿಲ್ಲ. 52,380 ರೂಪಾಯಿ ಹೋಯಿತು, ಹಬ್ಬದ ವ್ಯಾಪಾರವೂ ಕೈತಪ್ಪಿತು.

ಆಕೆ ಕಣ್ಣು ಮುಚ್ಚಿಕೊಂಡು ದುಡ್ಡು ಹಾಕಿದವರಲ್ಲ. ಬಿಲ್ಲಿನ ಜಿಎಸ್‌ಟಿ ನಂಬರನ್ನು ಸರ್ಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದ್ದರು. ಹೆಸರು ಹೊಂದಿತ್ತು, ಸ್ಟೇಟಸ್ ಆಕ್ಟಿವ್ ಇತ್ತು. ‘ಜಿಎಸ್‌ಟಿ ಚೆಕ್ ಮಾಡಿ’ ಎಂದು ಎಲ್ಲರೂ ಹೇಳುವ ಬುದ್ಧಿಮಾತು ಇಲ್ಲಿಗೇ ನಿಲ್ಲುತ್ತದೆ, ಮೋಸಗಾರರಿಗೂ ಅದು ಗೊತ್ತಿದೆ. ಆ ನಂಬರು ಸೂರತ್‌ನ ನಿಜವಾದ ವ್ಯಾಪಾರಿಯೊಬ್ಬರದು. ಅಂಗಡಿಯವರು ಕೊಡುವ ಪ್ರತಿ ಬಿಲ್ಲಿನ ಮೇಲೂ ನಂಬರು ಇರುತ್ತದೆ, ಒಂದು ಬಿಲ್ಲು ಸಿಕ್ಕರೆ ನಂಬರೂ ಹೆಸರೂ ಸಿಕ್ಕಂತೆ. ಹಾಗಾಗಿ ನಂಬರು ಅಸಲಿಯೇ ಎಂಬುದರ ಜೊತೆಗೆ, ದುಡ್ಡು ಕೇಳುತ್ತಿರುವವರೇ ಅದರ ಒಡೆಯರೇ ಎಂಬುದನ್ನೂ ನೋಡಬೇಕು.

ಇದಕ್ಕೆ ಆ ನಂಬರನ್ನೇ ಓದಲು ಕಲಿಯಬೇಕು. ಒಟ್ಟು 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಗುಜರಾತಿಗೆ 24, ತಮಿಳುನಾಡಿಗೆ 33, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್. ಇದರಲ್ಲಿ ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಎಡದಿಂದ ಆರನೆಯದು, ಬಹಳ ಮುಖ್ಯ. ಅದು ‘ಪಿ’ ಆದರೆ ಒಬ್ಬ ವ್ಯಕ್ತಿ, ‘ಎಫ್’ ಆದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಆದರೆ ಕಂಪನಿ, ‘ಎಚ್’ ಆದರೆ ಅವಿಭಕ್ತ ಕುಟುಂಬ. ಈ ಪ್ರಕರಣದಲ್ಲಿ ಅದು ಎಫ್ ಆಗಿತ್ತು. ದುಡ್ಡು ಹೋದದ್ದು ಮಾತ್ರ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ. ಪಾಲುದಾರಿಕೆ ಸಂಸ್ಥೆಯ ದುಡ್ಡು ಸಂಸ್ಥೆಯ ಹೆಸರಿನ ಕರೆಂಟ್ ಖಾತೆಗೆ ಬೀಳಬೇಕು. ‘ಅಕೌಂಟೆಂಟ್ ಖಾತೆ ಕೊಟ್ಟಿದ್ದೇವೆ, ಕರೆಂಟ್ ಖಾತೆಗೆ ಲಿಮಿಟ್ ಮುಗಿದಿದೆ’ ಎಂದ ತಕ್ಷಣ ಮಾತು ಮುಗಿಸಿಬಿಡಿ. ಪಿ ಇದ್ದಾಗ ಮಾಲೀಕರ ಸ್ವಂತ ಹೆಸರಿನ ಖಾತೆ ಇರಬಹುದು, ಆದರೆ ಆ ಹೆಸರು ಪೋರ್ಟಲ್‌ನ ‘ಲೀಗಲ್ ನೇಮ್’ ಜೊತೆ ಹೊಂದಲೇಬೇಕು. ಯುಪಿಐನಲ್ಲಿ ಪಿನ್ ಒತ್ತುವ ಮುಂಚೆ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ. 2025ರಿಂದ ನೆಫ್ಟ್, ಆರ್‌ಟಿಜಿಎಸ್‌ಗಳಲ್ಲೂ ಖಾತೆದಾರರ ಹೆಸರು ನೋಡುವ ಸೌಲಭ್ಯ ಬಂದಿದೆ. ಐಎಫ್‌ಎಸ್‌ಸಿ ಕೋಡ್ ಹಾಕಿ ಶಾಖೆ ಎಲ್ಲಿಯದು ಎಂದೂ ನೋಡಿ. ಅಂಗಡಿ ಸೂರತ್‌ನದು, ಖಾತೆ ಇನ್ನೊಂದು ರಾಜ್ಯದ ಯಾವುದೋ ಊರಿನದಾದರೆ ಕಾರಣ ಕೇಳಬೇಕು.

ಪೋರ್ಟಲ್‌ನಲ್ಲಿ ಆಕ್ಟಿವ್ ಎಂದು ಕಂಡ ಕೂಡಲೇ ಮುಚ್ಚಬೇಡಿ, ಕೆಳಗೆ ಇಳಿಯಿರಿ. ವ್ಯಾಪಾರದ ಮುಖ್ಯ ಸ್ಥಳದ ವಿಳಾಸ ಅಲ್ಲಿರುತ್ತದೆ. ಅದರ ಪಿನ್‌ಕೋಡನ್ನು ವೆಬ್‌ಸೈಟಿನ ವಿಳಾಸದ ಪಕ್ಕ ಇಟ್ಟು ನೋಡಿ. ಈ ಪ್ರಕರಣದಲ್ಲಿ ಎರಡೂ ಬೇರೆ ಬೇರೆ. ನೋಂದಣಿಯ ದಿನಾಂಕವೂ ಇರುತ್ತದೆ, ರಿಟರ್ನ್ ಯಾವ ತಿಂಗಳವರೆಗೆ ಸಲ್ಲಿಕೆಯಾಗಿದೆ ಎಂಬ ಪಟ್ಟಿಯೂ ಇರುತ್ತದೆ. ಆರು ತಿಂಗಳಿಂದ ರಿಟರ್ನ್ ಹಾಕದವರಿಗೆ ತೆರಿಗೆ ಕೊಟ್ಟರೆ ಆ ತೆರಿಗೆಯ ಕ್ರೆಡಿಟ್ ನಿಮ್ಮ 2ಬಿಯಲ್ಲಿ, ಅಂದರೆ ನಿಮಗೆ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿಯಲ್ಲಿ, ಕಾಣುವುದೇ ಇಲ್ಲ. ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದಿದ್ದರೆ ಇನ್ನೂ ನೇರ: ಅಂಥವರು ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತಿಲ್ಲ, ಬೇರೆ ರಾಜ್ಯಕ್ಕೆ ಮಾಲು ಮಾರುವಂತೆಯೂ ಇಲ್ಲ.

ಇನ್ನು ಬಿಲ್ಲು. ಆಕೆಗೆ ಬಂದ ಪಿಡಿಎಫ್‌ನಲ್ಲಿ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5 ಎಂದು ಎರಡು ಸಾಲಿತ್ತು. ಅವೆರಡೂ ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಬೀಳುವ ತೆರಿಗೆ. ಗುಜರಾತಿನಿಂದ ಕರ್ನಾಟಕಕ್ಕೆ ಬರುವ ಮಾಲಿಗೆ ಬೀಳುವುದು ಐಜಿಎಸ್‌ಟಿ, ಒಂದೇ ಸಾಲು, ಶೇ 5. ದಿನಾ ಹೊರರಾಜ್ಯಕ್ಕೆ ಮಾಲು ಕಳಿಸುವ ಅಂಗಡಿಯ ಗುಮಾಸ್ತ ಈ ತಪ್ಪು ಮಾಡುವುದಿಲ್ಲ. ಒಟ್ಟು ಸರಿಯಾಗಿಯೇ ಇತ್ತಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಮಾಲು ಯಾವ ಬಗೆಯದು ಎಂದು ಹೇಳುವ ಎಚ್‌ಎಸ್‌ಎನ್ ಕೋಡನ್ನೂ ಓದಿ: ಸಿಂಥೆಟಿಕ್ ನೂಲಿನ ನೇಯ್ದ ಬಟ್ಟೆ 5407, ರೇಷ್ಮೆ ಬಟ್ಟೆ 5007. ‘ಪ್ಯೂರ್ ಸಿಲ್ಕ್’ ಎಂದು ಮಾರಿ ಬಿಲ್ಲಿನಲ್ಲಿ 5407 ಬರೆದಿದ್ದರೆ ಬಿಲ್ಲೇ ನಿಜ ಹೇಳುತ್ತಿದೆ.

ಮೊತ್ತದ ಬಗ್ಗೆಯೂ ಒಂದು ಮಾತು. ಆಕೆ ಮೊದಲು ಕೇಳಿದ್ದು 200 ಪೀಸು. ‘ಮೊದಲ ಸಲ 160 ತಗೊಳ್ಳಿ’ ಎಂದವರು ಅವರೇ. ತೆರಿಗೆ ಸೇರಿ 50,000 ದಾಟುವ ಮಾಲು ರಾಜ್ಯದಿಂದ ರಾಜ್ಯಕ್ಕೆ ಸಾಗಬೇಕಾದರೆ ಇ-ವೇ ಬಿಲ್ (ಸಾಗಣೆಯ ಆನ್‌ಲೈನ್ ದಾಖಲೆ) ಬೇಕು. ಅದಕ್ಕೆ 12 ಅಂಕಿಯ ನಂಬರಿರುತ್ತದೆ, ಲಾರಿ ನಂಬರು ಇರುತ್ತದೆ, ಸರ್ಕಾರಿ ಪೋರ್ಟಲ್‌ನಲ್ಲಿ ತಾಳೆ ನೋಡಬಹುದು. 47,880ಕ್ಕೆ ಅದು ಬೇಡ. ಅದು ಬೇಡವಾದಾಗ ಉಳಿಯುವ ಸಾಕ್ಷಿ ಎಲ್‌ಆರ್ ಒಂದೇ. ಎಲ್‌ಆರ್ ಫೋಟೊ ಬಂದ ಕೂಡಲೇ ಅದರಲ್ಲಿ ಬರೆದ ಫೋನಿಗೆ ಮಾಡಬೇಡಿ. ಆ ಟ್ರಾನ್ಸ್‌ಪೋರ್ಟಿನ ಬೆಂಗಳೂರು ಆಫೀಸಿನ ನಂಬರನ್ನು ಬೇರೆ ಕಡೆಯಿಂದ ಹುಡುಕಿ, ಇಲ್ಲವೇ ಕಲಾಸಿಪಾಳ್ಯಕ್ಕೆ ಹೋಗಿ ಕೇಳಿ, ಬಾಕಿ ಆಮೇಲೆ ಹಾಕಿ.

ವೆಬ್‌ಸೈಟ್ ನೋಡುವುದು ಇದೆಲ್ಲಕ್ಕಿಂತ ಸುಲಭ. ಬೀಗದ ಚಿತ್ರಕ್ಕೆ ಬೆಲೆ ಕೊಡಬೇಡಿ, ಆ ಸರ್ಟಿಫಿಕೇಟ್ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ವೆಬ್ ವಿಳಾಸಗಳ ನೋಂದಣಿ ವಿವರ ತೋರಿಸುವ ಹೂಈಸ್‌ನಲ್ಲಿ (WHOIS) ಡೊಮೇನ್ ಯಾವಾಗ ನೋಂದಣಿಯಾಯಿತು ನೋಡಿ. ಮೊದಲ ಪುಟದಲ್ಲಿ ‘1994ರಿಂದ ನಿಮ್ಮ ಸೇವೆಯಲ್ಲಿ’ ಎಂದಿದ್ದ ಈ ಸೈಟಿನ ವಯಸ್ಸು ಐದು ವಾರ. ರಿಟರ್ನ್ ಪಾಲಿಸಿಯನ್ನು ಪೂರ್ತಿ ಓದಿ, ನಕಲು ಮಾಡಿದ ಪುಟದಲ್ಲಿ ಎಲ್ಲೋ ಒಂದು ಕಡೆ ಬೇರೆ ಕಂಪನಿಯ ಹೆಸರು ಅಳಿಸದೆ ಉಳಿದಿರುತ್ತದೆ. ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಮಾಡೆಲ್, ಅದೇ ಸೀರೆ ಹತ್ತು ಸೈಟಿನಲ್ಲಿ ಸಿಗುವುದು ಸಹಜ, ಕ್ಯಾಟಲಾಗ್ ಫೋಟೊ ಎಲ್ಲರೂ ಬಳಸುತ್ತಾರೆ. ಮೂಲ ಬ್ರ್ಯಾಂಡಿನ ಹೆಸರು ಕಾಣದಂತೆ ಮೂಲೆ ಕತ್ತರಿಸಿದ್ದರೆ ಮಾತ್ರ ಅನುಮಾನಿಸಿ. ಅಂಗಡಿಯ ಬೋರ್ಡ್, ಗಲ್ಲಾ, ಗೋಡೆಗೆ ಹಾಕಿದ ಜಿಎಸ್‌ಟಿ ಸರ್ಟಿಫಿಕೇಟ್ ತೋರಿಸುವ ವಿಡಿಯೊ ಕಾಲ್ ಕೇಳಿ. ರೆಕಾರ್ಡ್ ಮಾಡಿದ ವಿಡಿಯೊ ಕಳಿಸಿದರೆ ಒಪ್ಪಬೇಡಿ. ವಿಳಾಸ ಚಿಕ್ಕಪೇಟೆ, ಅವೆನ್ಯೂ ರಸ್ತೆ, ನಗರ್ತಪೇಟೆ ಎಂದಿದ್ದರೆ ಇದ್ಯಾವುದೂ ಬೇಡ, ಮೆಟ್ರೊ ಹತ್ತಿ ಹೋಗಿ ನೋಡಿ.

ಮಾಲು ಬಂದೂ ಮೋಸವಾಗುವುದುಂಟು. ಅದಕ್ಕೇ ಮೊದಲು ಒಂದೇ ಸೆಟ್ ತರಿಸಿ. ಅಳತೆ ಟೇಪು ಹಿಡಿಯಿರಿ: ಸೀರೆ ಐದೂವರೆ ಮೀಟರ್, ಬ್ಲೌಸ್ 80 ಸೆಂಟಿಮೀಟರ್, ಒಟ್ಟು 6.30 ಇರಬೇಕು. ಬ್ಲೌಸನ್ನು ಸೀರೆಯಲ್ಲೇ ಕದ್ದು 5.50ಕ್ಕೆ ಮುಗಿಸಿದ ಪೀಸುಗಳು ಬರುತ್ತವೆ. ಕುರ್ತಿ ಬಟ್ಟೆಯಾದರೆ 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ, ಬಂಗಾರ ತೂಗುವಂಥ ಪುಟ್ಟ ತಕ್ಕಡಿಯಲ್ಲಿಡಿ. ಗ್ರಾಮನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ. 140 ಎಂದು ಹೇಳಿದ ರೇಯಾನ್ 1.4 ಗ್ರಾಂ ತೂಗಬೇಕು. ತೂಗಿದ ಮೇಲೆ ಅದೇ ತುಂಡನ್ನು ಬಿಸಿನೀರಲ್ಲಿ ಒಗೆದು ಒಣಗಿಸಿ ಮತ್ತೆ ತೂಗಿ. ತೂಕ ಇಳಿದಷ್ಟೂ ನೀವು ಗಂಜಿಗೆ ದುಡ್ಡು ಕೊಟ್ಟಿದ್ದೀರಿ. ರೇಷ್ಮೆ ಎಂದವರ ಸೀರೆಯಲ್ಲಿ ಹಾಸಿನ (ಉದ್ದದ) ಒಂದು ಎಳೆ, ಹೊಕ್ಕಿನ (ಅಡ್ಡದ) ಒಂದು ಎಳೆ ಬೇರೆ ಬೇರೆ ಎಳೆದು ಸುಡಿ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಆದ ಸೀರೆಗಳೂ ಇರುವುದರಿಂದ ಒಂದೇ ಎಳೆ ಸುಟ್ಟರೆ ಸಾಲದು. ‘ಆರ್ಟ್ ಸಿಲ್ಕ್’ ಎಂದು ಬರೆದಿದ್ದರೆ ಸುಡುವುದೇ ಬೇಡ, ಅದು ಆರ್ಟಿಫಿಶಿಯಲ್‌ನ ಮೊಟಕು.

ದೊಡ್ಡ ಆರ್ಡರಿಗೆ ಹಳೇ ಪದ್ಧತಿ ಈಗಲೂ ಇದೆ: ಬಿಲ್ಲು ಮತ್ತು ಬಿಲ್ಟಿ (ಅದೇ ಲಾರಿ ರಸೀದಿ) ನಿಮ್ಮ ಬ್ಯಾಂಕಿಗೆ ಬರುತ್ತದೆ, ಅಲ್ಲಿ ಹಣ ಕಟ್ಟಿದ ಮೇಲೇ ಬಿಲ್ಟಿ ಕೈಗೆ ಸಿಗುತ್ತದೆ. ಮಾಲನ್ನು ಟ್ರಾನ್ಸ್‌ಪೋರ್ಟಿಗೆ ಒಪ್ಪಿಸಿದ ಮೇಲಷ್ಟೇ ಬಿಲ್ಟಿ ಹುಟ್ಟುತ್ತದೆ. ನಿಜವಾದ ಹೋಲ್‌ಸೇಲ್ ವ್ಯಾಪಾರಿಗೆ ಇದು ಹೊಸದಲ್ಲ.

ದುಡ್ಡು ಹೋಗಿಯೇ ಹೋಯಿತು ಎಂದರೆ, ಅವರ ಜೊತೆ ವಾಟ್ಸ್ಆ್ಯಪ್‌ನಲ್ಲಿ ವಾದ ಮಾಡುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆ ಬಿದ್ದರೆ ಮಾತ್ರ ಉಳಿಯುತ್ತದೆ. ಯುಟಿಆರ್ ನಂಬರು (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಹಣ ಹೋದ ಖಾತೆ, ದಿನಾಂಕ, ಸಮಯ ಬರೆದಿಟ್ಟುಕೊಂಡೇ ಮಾತಾಡಿ. ವಿಜಯನಗರದವರು ನಾಲ್ಕು ದಿನ ‘ಲಾರಿ ಕೆಟ್ಟಿದೆ’ ಎಂಬ ಉತ್ತರ ನಂಬಿ ಕಾದರು. ಫೋನ್ ಮಾಡುವ ಹೊತ್ತಿಗೆ ಖಾತೆ ಖಾಲಿ. ಗ್ರಾಹಕ ನ್ಯಾಯಾಲಯದ ದಾರಿಯೂ ಅವರಿಗಿಲ್ಲ. ಮತ್ತೆ ಮಾರಲೆಂದು ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕ ಎಂದು ಎಣಿಸುವುದಿಲ್ಲ. ಉಳಿದದ್ದು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಯ ದೂರು. ಅದರಲ್ಲಿ ಬಿಲ್ಲಿನ ಮೇಲಿದ್ದ ಜಿಎಸ್‌ಟಿ ನಂಬರು ಕದ್ದದ್ದು ಎಂದು ಸ್ಪಷ್ಟವಾಗಿ ಬರೆಸಿ, ಪೋರ್ಟಲ್‌ನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪ್ರತಿ ಕಳಿಸಿ. ತಮ್ಮ ಹೆಸರಿನಲ್ಲಿ ಏನು ನಡೆಯುತ್ತಿದೆ ಎಂದು ಸೂರತ್‌ನ ಆ ಅಂಗಡಿಯವರಿಗೂ ಗೊತ್ತಿರಲಿಕ್ಕಿಲ್ಲ.