ಕಾಯಿಸಿದ್ದಕ್ಕೆ ಕಾರಣ ಬೇಕು: ನಾಲ್ಕು ಸ್ಲೋ ಬರ್ನ್ ಕಾದಂಬರಿಗಳ ಹೋಲಿಕೆ

ಪ್ರೇಮಿಗಳು ಒಂದಾಗುವುದನ್ನು ತಡ ಮಾಡುವುದು ಕಾದಂಬರಿಕಾರರಿಗೆ ದೊಡ್ಡ ಕಷ್ಟವೇನಲ್ಲ. ಫೋನ್ ಸ್ವಿಚ್ ಆಫ್ ಆಗಿತ್ತು, ಪತ್ರ ಬೇರೆಯವರ ಕೈಗೆ ಸಿಕ್ಕಿತು, ಅವನ ಜೊತೆ ಕಂಡ ಹುಡುಗಿ ಕೊನೆಗೆ ಅವನ ತಂಗಿ ಅಂತ ಗೊತ್ತಾಯಿತು. ಇಷ್ಟಿದ್ದರೆ ನೂರು ಪುಟ ಎಳೆಯಬಹುದು. ನಮ್ಮ ಟಿವಿ ಧಾರಾವಾಹಿಗಳು ಇಷ್ಟರಲ್ಲೇ ವರ್ಷಗಟ್ಟಲೆ ಸಂಸಾರ ಮಾಡುತ್ತವೆ. ಹಾಗಾಗಿ ಸ್ಲೋ ಬರ್ನ್ (ಪ್ರೇಮ ನಿಧಾನವಾಗಿ ಕಾವೇರುವ ಕತೆ) ಅಂತ ಯಾರಾದರೂ ಒಂದು ಪುಸ್ತಕ ಕೈಗಿಟ್ಟರೆ ನಾನು ನೋಡುವುದು ಒಂದೇ: ಇವರಿಬ್ಬರನ್ನು ತಡೆದಿರುವುದು ಏನು? ಅದು ಅವರ ಸ್ವಭಾವದೊಳಗೇ ಇದೆಯೋ, ಲೇಖಕಿ ಹೊರಗಿನಿಂದ ತಂದು ಅಡ್ಡ ಇಟ್ಟದ್ದೋ?

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿಯಲ್ಲಿ ಈ ಬಗೆಯ ಇಂಗ್ಲಿಷ್ ಪುಸ್ತಕಗಳಿಗೆ ಬರವಿಲ್ಲ. ನನ್ನ ಬಳಗದಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದ್ದು, ಅತಿ ಹೆಚ್ಚು ಜಗಳ ಹಚ್ಚಿದ್ದು ನಾಲ್ಕು. ಸ್ಯಾಲಿ ಥಾರ್ನ್‌ರ 'ದಿ ಹೇಟಿಂಗ್ ಗೇಮ್' (2016), ಮರಿಯಾನಾ ಝಪಾಟಾರ 'ದಿ ವಾಲ್ ಆಫ್ ವಿನ್ನಿಪೆಗ್ ಅಂಡ್ ಮಿ' (2016), ಎಮಿಲಿ ಹೆನ್ರಿಯವರ 'ಬೀಚ್ ರೀಡ್' (2020) ಮತ್ತು 'ಪೀಪಲ್ ವಿ ಮೀಟ್ ಆನ್ ವೆಕೇಶನ್' (2021). ಕೊನೆ ಹೇಗಿರುತ್ತದೆ ಅನ್ನುವುದು ಈ ಬಗೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಕತೆ ಸ್ವಲ್ಪ ಬಿಟ್ಟುಕೊಟ್ಟರೂ ಯಾರೂ ಬೈಯಬಾರದು.

'ಹೇಟಿಂಗ್ ಗೇಮ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಪ್ರಕಾಶನ ಸಂಸ್ಥೆಯಲ್ಲಿ ಎದುರುಬದುರು ಮೇಜಿನ ಲೂಸಿ ಮತ್ತು ಜೋಶುವಾ; ಒಂದೇ ಬಡ್ತಿಗೆ ಇಬ್ಬರ ಪೈಪೋಟಿ. ಅವನು ಯಾವ ದಿನ ಯಾವ ಬಣ್ಣದ ಶರ್ಟ್ ಹಾಕುತ್ತಾನೆ ಅನ್ನುವುದು ಅವಳಿಗೆ ಬಾಯಿಪಾಠ. ದ್ವೇಷಿಸುವವರ ಶರ್ಟಿನ ಲೆಕ್ಕ ಯಾರು ಇಡುತ್ತಾರೆ ಹೇಳಿ? ಅಲ್ಲಿಗೆ ಗುಟ್ಟು ರಟ್ಟು. ಕತೆ ಇನ್ನೂ ಕಾವೇರುವ ಮೊದಲೇ ಲಿಫ್ಟಿನಲ್ಲಿ ಮುತ್ತೂ ಆಗಿಬಿಡುತ್ತದೆ. ಆಮೇಲಿನದು ಕಾಯುವಿಕೆಯಲ್ಲ, ಸತಾಯಿಸುವ ಆಟ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಗೆಳತಿ ಇದನ್ನು ಒಪ್ಪುವುದಿಲ್ಲ. "ನಮ್ಮ ಆಫೀಸಲ್ಲಿ ಅಪ್ರೈಸಲ್ ಟೈಮಲ್ಲಿ ಕೂತು ನೋಡು, ಎದುರು ಸೀಟಿನವನ ಮೇಲೆ ಎಷ್ಟು ಕೋಪ ಬರುತ್ತೆ ಅಂತ. ಅಲ್ಲಿಂದ ಲವ್‌ಗೆ ಬರೋದು ಸಣ್ಣ ದೂರ ಅಲ್ಲ ಕಣೇ" ಅನ್ನುತ್ತಾಳೆ. ಮಾತಿನ ಚುರುಕಿಗೆ ನಾಲ್ಕರಲ್ಲಿ ಇದೇ ಮುಂದೆ, ಅದನ್ನು ನಾನೂ ಒಪ್ಪುತ್ತೇನೆ. ಮೆಟ್ರೋದಲ್ಲಿ ನಿಂತುಕೊಂಡೇ ಓದಿಸಿಕೊಂಡು ಹೋಗುವ ಪುಸ್ತಕ.

ಇನ್ನು ವಿನ್ನಿಪೆಗ್. ದಪ್ಪ ಪುಸ್ತಕ, ಮೊದಲು ಲೇಖಕಿಯೇ ಸ್ವಂತವಾಗಿ ಪ್ರಕಟಿಸಿದ್ದು. ಏಡನ್ ಗ್ರೇವ್ಸ್ ಅಮೆರಿಕನ್ ಫುಟ್‌ಬಾಲ್ ಆಟಗಾರ, ಕೆನಡಾದವನು. ವನೆಸ್ಸಾ ಅವನ ಅಸಿಸ್ಟೆಂಟ್. ಅವನಿಗೆ ಅಡುಗೆ ಮಾಡುವುದರಿಂದ ಹಿಡಿದು ಮೇಲ್‌ಗೆ ಉತ್ತರ ಕೊಡುವವರೆಗೆ ಎಲ್ಲ ಅವಳದೇ. ಸರಿಯಾಗಿ ಒಂದು ಥ್ಯಾಂಕ್ಸ್ ಕೂಡ ಕೇಳದೆ ಬೇಸತ್ತು, ಗ್ರಾಫಿಕ್ ಡಿಸೈನ್ ಮಾಡಿಕೊಂಡು ಬದುಕುತ್ತೇನೆ ಅಂತ ಕೆಲಸ ಬಿಡುತ್ತಾಳೆ. ಆಮೇಲೆ ಅವನು ಅವಳ ಮನೆ ಬಾಗಿಲಿಗೆ ಬಂದು ಕೇಳುವುದೇನು? ಗ್ರೀನ್ ಕಾರ್ಡಿಗಾಗಿ ನನ್ನನ್ನು ಮದುವೆಯಾಗು, ನಿನ್ನ ಓದಿನ ಸಾಲ ನಾನು ತೀರಿಸುತ್ತೇನೆ ಅಂತ.

ಇಲ್ಲಿ ನಮ್ಮ ಬಳಗ ಎರಡು ಪಾಲಾಗಿದೆ. ಅತ್ತಿಗೆ ಅರ್ಧದಲ್ಲೇ ಮಡಚಿಟ್ಟರು. "ಇಷ್ಟು ಪುಟ ಆಯ್ತು, ಅಡುಗೆಗೆ ಉಪ್ಪು ಕಮ್ಮಿ ಅಂತಾದ್ರೂ ಮಾತಾಡಬಾರದಾ ಆ ಮನುಷ್ಯ? ಇವಳಿಗಾದ್ರೂ ಬುದ್ಧಿ ಬೇಡ್ವಾ?" ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಸಂಬಳ ಕೊಡುವವನು, ಪಡೆಯುವವಳು ಅನ್ನುವ ಲೆಕ್ಕದಲ್ಲಿ ಶುರುವಾದ ನಂಟು ಇದು. ಒರಟುತನವನ್ನೇ ಗಾಂಭೀರ್ಯ ಅಂತ ದಾಟಿಸಿಬಿಡುವ ಅಪಾಯ ಇದೆ. ಆದರೆ ಮಲ್ಲೇಶ್ವರದ ಚಿಕ್ಕಮ್ಮನಿಗೆ ಈ ಕತೆ ಒಂದಿಷ್ಟೂ ವಿಚಿತ್ರ ಅನ್ನಿಸಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕಿಂಡಲ್ ಹಿಡಿದವರು ಅವರು. "ಮೊದಲು ಮದುವೆ, ಆಮೇಲೆ ಪರಿಚಯ, ಅದರ ಮೇಲೆ ಪ್ರೀತಿ. ಇದರಲ್ಲಿ ಹೊಸದೇನಿದೆ? ನನ್ನದು, ನಿಮ್ಮ ಚಿಕ್ಕಪ್ಪನದು ಹೀಗೇ ಅಲ್ವಾ? ಅವರೂ ಮೊದಲ ವರ್ಷ ಪೇಪರ್ ಹಿಂದೆ ಮುಖ ಮುಚ್ಚಿಕೊಂಡೇ ಕೂತಿರ್ತಿದ್ರು" ಅಂದರು. ಅಮೆರಿಕದ ಓದುಗರು ಇದನ್ನು ಒಪ್ಪಂದದ ಮದುವೆ ಅನ್ನುವ ಮಸಾಲೆಗಾಗಿ ಓದುತ್ತಾರೇನೋ. ಜಾತಕ ನೋಡಿ ಮದುವೆಯಾದವರ ಮನೆಯಲ್ಲಿ ಬೆಳೆದ ನನಗೆ ಏಡನ್ನನ ಮೌನ ಗುರುತಿನದು. ಎಲ್ಲವನ್ನೂ ವನೆಸ್ಸಾಳೇ ಹೇಳುವುದರಿಂದ ಅವನ ತಲೆಯೊಳಗೆ ನಮಗೆ ಪ್ರವೇಶವೇ ಇಲ್ಲ. ಅವನು ಮಾಡುವ ಸಣ್ಣಪುಟ್ಟ ಕೆಲಸಗಳಿಂದಲೇ ಅವಳ ಜೊತೆ ನಾವೂ ಊಹಿಸಬೇಕು. ಮುತ್ತು ಪುಸ್ತಕದ ಕೊನೆಯ ಭಾಗಕ್ಕೆ ಬರುತ್ತದೆ. ಅಷ್ಟರಲ್ಲಿ, ಅವನು ಆಡಿದ ಎರಡು ಮೆತ್ತಗಿನ ಮಾತಿಗೇ ಪುಸ್ತಕ ಎದೆಗೊತ್ತಿಕೊಳ್ಳುವ ಸ್ಥಿತಿಗೆ ಓದುಗರು ಬಂದಿರುತ್ತಾರೆ. ನಾನಂತೂ ಬಂದಿದ್ದೆ.

ಚಿಕ್ಕಮ್ಮ ಇನ್ನೊಂದು ಮಾತು ಹೇಳಿದರು. ಅವರು ಓದಿ ಬೆಳೆದ ಕನ್ನಡ ಕಾದಂಬರಿಗಳಲ್ಲಿ ಅಡ್ಡಿ ಯಾವಾಗಲೂ ಹೊರಗಿನದು. ತ್ರಿವೇಣಿಯವರ 'ಹಣ್ಣೆಲೆ ಚಿಗುರಿದಾಗ'ದಲ್ಲಿ ವಿಧವೆ ಮಗಳ ಮರುಮದುವೆಗೆ ತಂದೆಯೇ ಅಡ್ಡ ನಿಲ್ಲುತ್ತಾರೆ. ಜಾತಿ, ವೈಧವ್ಯ, ಮನೆತನ ಅಂತ ಆಗ ತಡೆಯುವುದಕ್ಕೆ ನಿಜವಾದ ಗೋಡೆಗಳಿದ್ದವು. ಅದನ್ನು ಯಾರೂ ಸ್ಲೋ ಬರ್ನ್ ಅನ್ನುತ್ತಿರಲಿಲ್ಲ. ಈಗಿನ ಅಮೆರಿಕದ ಕತೆಯಲ್ಲಿ ಇಬ್ಬರಿಗೂ ಕೆಲಸವಿದೆ, ಬೇರೆ ಮನೆಯಿದೆ, ಕೇಳುವವರಿಲ್ಲ. ಹಾಗಾದರೆ ಏಕೆ ಕಾಯುತ್ತಾರೆ? ಲೇಖಕಿಗೆ ಇರುವ ಸವಾಲು ಅದೇ.

ಆ ಸವಾಲಿಗೆ ಅತ್ಯಂತ ಜಾಣ ಉತ್ತರ 'ವೆಕೇಶನ್'ನದು. ನಾಯಕಿ ಪಾಪಿ (Poppy) ನ್ಯೂಯಾರ್ಕಿನ ಪ್ರವಾಸ ಪತ್ರಿಕೆಯ ಬರಹಗಾರ್ತಿ, ಅಲೆಕ್ಸ್ ಓಹಾಯೊದಲ್ಲಿ ಮೇಷ್ಟ್ರು. ಕಾಲೇಜಿನ ದಿನಗಳಿಂದ ಗೆಳೆಯರು, ಪ್ರತಿ ಬೇಸಿಗೆಗೆ ಒಂದು ಪ್ರವಾಸ. ಎರಡು ವರ್ಷದಿಂದ ಮಾತಿಲ್ಲ. ಒಂದು ಅಧ್ಯಾಯ ಈಗಿನದು, ಇನ್ನೊಂದು ಹಳೆಯ ಯಾವುದೋ ಬೇಸಿಗೆಯದು, ಹೀಗೆ ಕತೆ ಹಿಂದೆ ಮುಂದೆ ಓಡಾಡುತ್ತದೆ. ಇಲ್ಲಿ ತಡೆ ಅಂದರೆ ಹೆದರಿಕೆ: ಪ್ರೀತಿ ಕೈಕೊಟ್ಟರೆ ಸ್ನೇಹವೂ ಹೋಗುತ್ತದಲ್ಲ! ಗೆಳೆಯರ ಗುಂಪಿನೊಳಗೆ ಯಾರನ್ನಾದರೂ ಇಷ್ಟಪಟ್ಟವರಿಗೆಲ್ಲ ಗೊತ್ತಿರುವ ಹೆದರಿಕೆ ಇದು. ಪಾಮ್ ಸ್ಪ್ರಿಂಗ್ಸ್‌ನ ಬಾಡಿಗೆ ಮನೆಯಲ್ಲಿ ಎಸಿ ಕೈಕೊಟ್ಟು ಇಬ್ಬರೂ ಬೇಯುವ ಭಾಗ ಚೆನ್ನಾಗಿದೆ. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದ ಮೇಲಿನ ಮಹಡಿಯ ಮನೆಯಲ್ಲಿ ಓದಿದರೆ ಇನ್ನೂ ಚೆನ್ನ. ಒಂದೇ ದೂರು, ಆ ಎರಡು ವರ್ಷದ ಹಿಂದೆ ಏನಾಯಿತು ಅನ್ನುವುದನ್ನು ಲೇಖಕಿ ಬೇಕೆಂದೇ ಬಚ್ಚಿಡುತ್ತಾರೆ. ಪಾಪಿಗೆ ಗೊತ್ತಿದೆ, ಅವಳೇ ಕತೆ ಹೇಳುತ್ತಿದ್ದಾಳೆ, ನಮಗೆ ಮಾತ್ರ ಹೇಳುವುದಿಲ್ಲ. ಕೊನೆಗೆ ಗೊತ್ತಾದಾಗ "ಇಷ್ಟೇನಾ?" ಅನ್ನಿಸಿತು. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಚಾಪೆ ಹಾಸಿಕೊಂಡು ಮೌನವಾಗಿ ಓದಲು ಬರುವ ಹುಡುಗಿಯೊಬ್ಬಳು, ಓದು ಮುಗಿದ ಮೇಲಿನ ಹರಟೆಯಲ್ಲಿ ಇದಕ್ಕೆ ತದ್ವಿರುದ್ಧ ವಾದ ಮಂಡಿಸಿದಳು: ಸಂಗತಿ ಚಿಕ್ಕದು, ಅದನ್ನು ದೊಡ್ಡದು ಮಾಡಿದ್ದು ಅವರ ಮೌನ, ಕತೆ ಇರುವುದೇ ಅಲ್ಲಿ ಅಂತ. ಆ ಮಾತನ್ನು ಪಕ್ಕಕ್ಕೆ ತಳ್ಳಲು ನನ್ನಿಂದ ಆಗಿಲ್ಲ, ಆದರೂ ಬಚ್ಚಿಟ್ಟಿದ್ದು ನನಗೆ ಹಿಡಿಸಲಿಲ್ಲ.

'ಬೀಚ್ ರೀಡ್' ನನಗೆ ನಡುವಿನದು. ಪ್ರೇಮಕತೆ ಬರೆಯುವ ಜನವರಿ, ಗಂಭೀರ ಕಾದಂಬರಿ ಬರೆಯುವ ಗಸ್, ಮಿಷಿಗನ್ ಸರೋವರದ ಬಳಿ ಅಕ್ಕಪಕ್ಕದ ಮನೆ. ನಿನ್ನದು ನಾನು ಬರೆಯುತ್ತೇನೆ, ನನ್ನದು ನೀನು ಬರಿ ಅಂತ ಪಂಥ. ಕಿಟಕಿಯಿಂದ ಕಿಟಕಿಗೆ ಚೀಟಿ ಬರೆದು ತೋರಿಸುವ ಪುಟಗಳಿಗಾಗಿಯೇ ಓದಬಹುದು. ಆದರೆ ಅವಳ ತೀರಿಹೋದ ಅಪ್ಪನ ಗುಟ್ಟು ಎಷ್ಟು ಭಾರವಾಗುತ್ತದೆಂದರೆ, ಪ್ರೇಮ ಒಮ್ಮೊಮ್ಮೆ ಪಕ್ಕದ ಕತೆಯಾಗಿಬಿಡುತ್ತದೆ. ಶೋಕದ ಕಾದಂಬರಿಯಾಗಿ ಓದಿದರೆ ಇದು ನಾಲ್ಕರಲ್ಲಿ ಮೇಲು.

ಹಸಿಬಿಸಿ ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ, ಮುಚ್ಚುಮರೆ ಏಕೆ. ವಿನ್ನಿಪೆಗ್ ಮತ್ತು 'ಹೇಟಿಂಗ್ ಗೇಮ್' ಎರಡರಲ್ಲೂ ಅದು ಕೊನೆಯತ್ತ. 'ಬೀಚ್ ರೀಡ್'ನಲ್ಲಿ ಇನ್ನೂ ಮುಂಚೆ. ಚಿಕ್ಕಮ್ಮ ಅಂಥ ಪುಟ ಹಾರಿಸುತ್ತಾರಂತೆ. ಹಾಗಂತ ಅವರೇ ಹೇಳಿದ್ದು.

ನನ್ನ ಆಯ್ಕೆ ವಿನ್ನಿಪೆಗ್, ಅದರ ಉದ್ದದ ಮೇಲಿನ ಎಲ್ಲ ದೂರುಗಳ ಸಮೇತ. ಅದು ಹಿಡಿಸಿದವರು ಅದೇ ಲೇಖಕಿಯ 'ಕುಲ್ಟಿ' (2015) ತೆಗೆದುಕೊಳ್ಳಿ: ಕಾಲ್ಚೆಂಡಿನ ಆಟಗಾರ್ತಿ, ಅವಳು ಚಿಕ್ಕಂದಿನಲ್ಲಿ ಆರಾಧಿಸಿದ ಜರ್ಮನ್ ಆಟಗಾರ ಈಗ ಅವಳ ಕೋಚ್. ಅತ್ತಿಗೆಯ ಪಕ್ಷದವರು ಅದರ ಹತ್ತಿರ ಸುಳಿಯುವುದು ಬೇಡ. ಅಲ್ಲಿ ಅವನು ಮೊದಮೊದಲು ಬಾಯೇ ಬಿಡುವುದಿಲ್ಲ.