ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ಕೊಳ್ಳುವ ಮುಂಚೆ ಟ್ವಿಸ್ಟ್ ತಿರುಗಿಸಿ ನೋಡಿ

ಡಿಸಿಎಸ್ (ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟ) ಆಡುವುದಕ್ಕೆ ಹಳೇ ಜಾಯ್‌ಸ್ಟಿಕ್ ಕೊಳ್ಳುವ ಯೋಚನೆ ಇದ್ದರೆ ಒಂದು ನಿಮಿಷ ನಿಲ್ಲಿ. ಮಾರುವವರು ಬಟನ್ ಒತ್ತಿ ತೋರಿಸುತ್ತಾರೆ, ಟ್ರಿಗರ್ ಎಳೆದು ತೋರಿಸುತ್ತಾರೆ, ಲೈಟು ಹೊತ್ತಿಸಿ ತೋರಿಸುತ್ತಾರೆ. ಅವೆಲ್ಲ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಕಡಿಮೆ ಬೆಲೆಯ ಸ್ಟಿಕ್‌ಗಳಲ್ಲಿ ಮೊದಲು ಕೈಕೊಡುವುದು ಟ್ವಿಸ್ಟ್. ಹಿಡಿಕೆಯನ್ನು ಎಡಕ್ಕೆ ಬಲಕ್ಕೆ ತಿರುಚಿ ರಡ್ಡರ್ (ವಿಮಾನದ ಮೂಗನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಬಾಲದ ಹಲಗೆ) ಆಡಿಸುತ್ತೇವಲ್ಲ, ಅದು. ಅದನ್ನು ಮಾತ್ರ ಯಾರೂ ತಾವಾಗಿ ತೋರಿಸುವುದಿಲ್ಲ.

ನನಗೆ ಬೆಂಗಳೂರಿನಲ್ಲೇ ಒಬ್ಬರು ಮಾರಿದ್ದು ಅಂಥದ್ದೇ. "ಹೊಸದರ ಹಾಗೇ ಇದೆ, ಜಾಸ್ತಿ ಆಡಿಲ್ಲ" ಅಂದರು. ನೋಡುವುದಕ್ಕೂ ಹಾಗೇ ಇತ್ತು. ಡಿಸಿಎಸ್ ಜೊತೆ ಪುಕ್ಕಟೆ ಬರುವ ಸು-25ಟಿ ಹಾರಿಸಿದಾಗ ಏನೂ ಗೊತ್ತಾಗಲಿಲ್ಲ. ಜೆಟ್‌ನಲ್ಲಿ ರಡ್ಡರ್‌ಗೆ ಅಷ್ಟು ಕೆಲಸ ಇರುವುದಿಲ್ಲ ಅಲ್ವಾ. ಕಾಟ ಶುರುವಾಗಿದ್ದು ಸ್ಪಿಟ್‌ಫೈರ್, ಅಂದರೆ ಎರಡನೇ ಮಹಾಯುದ್ಧದ ಪ್ರೊಪೆಲ್ಲರ್ ವಿಮಾನ, ಹತ್ತಿದ ಮೇಲೆ.

ಆಡಿದವರಿಗೆ ಗೊತ್ತು, ಸ್ಪಿಟ್‌ಫೈರ್ ಮಾರ್ಕ್ 9ರಲ್ಲಿ ಮರ್ಲಿನ್ ಎಂಜಿನ್‌ಗೆ ಪವರ್ ಕೊಟ್ಟ ತಕ್ಷಣ ಮೂಗು ಎಡಕ್ಕೆ ಎಳೆಯುತ್ತದೆ. ಬಲ ರಡ್ಡರ್ ಕೊಟ್ಟು, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ನೇರ ಇಟ್ಟುಕೊಳ್ಳಬೇಕು. ಹಿಂದಿನ ಚಕ್ರಕ್ಕೆ ಲಾಕ್ ಬೇರೆ ಇಲ್ಲ. ನನ್ನ ವಿಮಾನ ಅರ್ಧ ರನ್‌ವೇ ನೆಟ್ಟಗೆ ಹೋಗುತ್ತಿತ್ತು. ಆಮೇಲೆ ಗಕ್ಕನೆ ಬಲಕ್ಕೆ ತಿರುಗಿ, ರೆಕ್ಕೆ ನೆಲಕ್ಕೆ ಬಡಿದು ಮಗುಚಿಕೊಳ್ಳುತ್ತಿತ್ತು. ಕೈ ಇದ್ದಲ್ಲೇ ಇರುತ್ತಿತ್ತು! ಜೊತೆಗೆ ಆಡುವವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಸ್ಪಿಟ್‌ಫೈರ್ ಅಂದ್ರೆ ಹಾಗೇನೇ ಗುರು, ಪ್ರಾಕ್ಟೀಸ್ ಮಾಡು."

ಈ ಆಟಗಳಲ್ಲಿ ಇದೇ ದೊಡ್ಡ ತೊಂದರೆ. ವಿಮಾನವೇ ಕಷ್ಟದ್ದು. ಹಾಗಾಗಿ ಹಾರ್ಡ್‌ವೇರ್ ಕೆಟ್ಟಿದ್ದರೂ ಬೈಸಿಕೊಳ್ಳುವವನು ಪೈಲಟ್.

ಸತ್ಯ ಹೊರಬಿದ್ದದ್ದು ಬಲಗಡೆಯ ಕಂಟ್ರೋಲ್ ಜೊತೆ ಎಂಟರ್ ಒತ್ತಿದಾಗ. ಡಿಸಿಎಸ್‌ನಲ್ಲಿ ಆಗ ಸ್ಟಿಕ್, ರಡ್ಡರ್, ಥ್ರಾಟಲ್ ಎಲ್ಲಿವೆ ಅಂತ ತೋರಿಸುವ ಸಣ್ಣ ಚೌಕ ಬರುತ್ತದೆ. ಹಿಡಿಕೆಯನ್ನು ಮುಕ್ಕಾಲು ಭಾಗ ಬಲಕ್ಕೆ ತಿರುಚಿ ಹಾಗೇ ಹಿಡಿದುಕೊಂಡೆ. ರಡ್ಡರ್ ಗುರುತು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ತುದಿಗೆ ಹಾರಿತು, ವಾಪಸ್ ಬಂತು, ಮತ್ತೆ ಹಾರಿತು. ಆಟದ್ದೇ ದೋಷ ಇರಬಹುದಲ್ಲ ಅಂತ ವಿಂಡೋಸ್‌ನಲ್ಲೂ ನೋಡಿದೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, 'ಜಾಯ್ ಡಾಟ್ ಸಿಪಿಎಲ್' (joy.cpl) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್ ಕಿಟಕಿ ತೆರೆಯುತ್ತದೆ. ಅದರ ಕ್ಯಾಲಿಬ್ರೇಷನ್ ಪುಟದಲ್ಲಿ 'ರಾ ಡೇಟಾ' (ಸ್ಟಿಕ್ ಕಳಿಸುವ ಅಂಕಿ ಇದ್ದದ್ದು ಇದ್ದ ಹಾಗೆ) ತೋರಿಸು ಅನ್ನುವ ಆಯ್ಕೆ ಇದೆ. ಅಲ್ಲೂ ಅಂಕಿ ಅದೇ ಜಾಗದಲ್ಲಿ ಕುಣಿಯುತ್ತಿತ್ತು. ಅಂದ ಮೇಲೆ ಆಟವನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಏನು ಪ್ರಯೋಜನ?

ಕಾರಣ ಸರಳ. ಒಳಗಿರುವುದು ಪೊಟೆನ್ಷಿಯೋಮೀಟರ್. ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜಿಕೊಂಡು ಓಡುತ್ತದೆ. ಪಟ್ಟಿ ಸವೆದಲ್ಲಿ, ಧೂಳು ಕೂತಲ್ಲಿ ಸಂಪರ್ಕ ತಪ್ಪುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದಲ್ಲ, ಅದೇ ರೋಗ.

ಮಾರಿದವರಿಗೆ ಹೇಳಿದರೆ "ಕ್ಯಾಲಿಬ್ರೇಟ್ ಮಾಡಿ, ಸರಿಹೋಗುತ್ತೆ" ಅಂದರು. ಆಮೇಲೆ ಮೆಸೇಜ್‌ಗೆ ಉತ್ತರವೇ ಇಲ್ಲ. ಈ ಮಾತು ನಂಬಬೇಡಿ. ಕ್ಯಾಲಿಬ್ರೇಷನ್‌ನಿಂದ ಆಗುವುದು ಎರಡು ತುದಿ ಮತ್ತು ನಡುವಿನ ಜಾಗ ಗುರುತಿಸುವುದು ಅಷ್ಟೇ. ಸವೆದ ಪಟ್ಟಿ ಅದರಿಂದ ಬೆಳೆಯುವುದಿಲ್ಲ. ಡೆಡ್‌ಝೋನ್ (ನಡುವಿನಲ್ಲಿ ಸ್ವಲ್ಪ ಅಲುಗಿದರೂ ಆಟ ಲೆಕ್ಕಕ್ಕೆ ತಗೊಳ್ಳದ ಜಾಗ) ಜಾಸ್ತಿ ಮಾಡಿ ಅನ್ನುವವರೂ ಇದ್ದಾರೆ. ಅದು ನಡುವಿನ ನಡುಕವನ್ನು ಮುಚ್ಚುತ್ತದೆ, ಮುಕ್ಕಾಲು ದಾರಿಯಲ್ಲಿ ಆಗುವ ಜಿಗಿತವನ್ನಲ್ಲ.

ಇನ್ನು ರಿಪೇರಿ. ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಬಿಚ್ಚಿ, ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದು ದುಡ್ಡು ತಗೊಂಡರು. ಸ್ವಲ್ಪ ದಿನ ನುಣ್ಣಗೆ ಓಡಿತು. ಆಮೇಲೆ ಎಣ್ಣೆಗೆ ಧೂಳು ಅಂಟಿ ಮೊದಲಿಗಿಂತ ಕೆಟ್ಟಿತು. ಹಾಕಲೇಬೇಕು ಅಂದರೆ ಜಿಡ್ಡು ಉಳಿಸದ ಕಾಂಟ್ಯಾಕ್ಟ್ ಕ್ಲೀನರ್ ಹಾಕಿಸಿ. ಧೂಳಾದರೆ ಅದರಲ್ಲಿ ಹೋಗುತ್ತದೆ, ಪಟ್ಟಿಯೇ ಸವೆದಿದ್ದರೆ ಪೊಟೆನ್ಷಿಯೋಮೀಟರ್ ಬದಲಿಸದೆ ಬೇರೆ ದಾರಿಯಿಲ್ಲ. ಬಿಚ್ಚಿದಾಗ ಹಿಡಿಕೆಯ ಒಳಗಿಂದ ಇಳಿಯುವ ತಂತಿಗಳನ್ನೂ ನೋಡಿ. ಪ್ರತಿ ಸಲ ತಿರುಚಿದಾಗಲೂ ಅವೂ ತಿರುಚಿಕೊಂಡು ಮುರಿಯುತ್ತವೆ.

"ಹಾಲ್ ಸೆನ್ಸರ್ ಇದೆ" ಅಂತ ಯಾರಾದರೂ ಹೇಳಿದರೆ, ಯಾವ ಆಕ್ಸಿಸ್‌ಗೆ, ಅಂದರೆ ಯಾವ ದಿಕ್ಕಿನ ಚಲನೆಗೆ, ಅಂತ ಕೇಳಿ. ಹಾಲ್ ಸೆನ್ಸರ್ ಆಯಸ್ಕಾಂತದಿಂದ ಕೆಲಸ ಮಾಡುತ್ತದೆ, ಉಜ್ಜಾಟ ಇಲ್ಲ, ಸವೆತವೂ ಇಲ್ಲ. ಆದರೆ ಕೆಲವು ಸ್ಟಿಕ್‌ಗಳಲ್ಲಿ ಅದು ಹಿಂದೆ ಮುಂದೆ ಮತ್ತು ಅಕ್ಕಪಕ್ಕದ ಚಲನೆಗೆ ಮಾತ್ರ. ಟ್ವಿಸ್ಟ್‌ಗೆ ಅದೇ ಪೊಟೆನ್ಷಿಯೋಮೀಟರ್.

ಒಂದೇ ಆಕ್ಸಿಸ್ ಜಿಗಿದರೆ ಮಾತ್ರ ಈ ಕಥೆ. ಎಲ್ಲ ಆಕ್ಸಿಸ್ ಒಟ್ಟಿಗೆ ಸತ್ತು, ವಿಂಡೋಸ್ 'ಟಂಗ್' ಅಂತ ಸದ್ದು ಮಾಡಿದರೆ ಅದು ಯುಎಸ್‌ಬಿ ಗಲಾಟೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್. ಅಡಾಪ್ಟರ್ ಇಲ್ಲದ ಹಬ್‌ಗೆ ಸ್ಟಿಕ್, ಪೆಡಲ್, ಹೆಡ್‌ಸೆಟ್ ಎಲ್ಲ ಚುಚ್ಚಿದರೆ ಅಷ್ಟನ್ನೇ ಹಂಚಿಕೊಳ್ಳಬೇಕು. ಸ್ಟಿಕ್ಕನ್ನು ನೇರ ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿ. ಡಿವೈಸ್ ಮ್ಯಾನೇಜರ್‌ನ ಯುಎಸ್‌ಬಿ ರೂಟ್ ಹಬ್‌ನಲ್ಲಿ ಪವರ್ ಉಳಿಸಲು ಆಫ್ ಮಾಡುವ ಟಿಕ್ ತೆಗೆಯಿರಿ.

ಕೊಳ್ಳುವಾಗ ವೀಡಿಯೋ ಕಾಲ್‌ನಲ್ಲಿ ರಾ ಡೇಟಾ ಪುಟ ತೆರೆಸಿ, ಟ್ವಿಸ್ಟನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ ತೋರಿಸಲು ಹೇಳಿ. ಜೋರಾಗಿ ತಿರುಗಿಸಿದರೆ ಜಿಗಿತ ಕಾಣುವುದಿಲ್ಲ. ಹಿಂಜರಿದರೆ ಬಿಟ್ಟುಬಿಡಿ.

ನಾನೀಗ ರಡ್ಡರ್‌ಗೆ ಬೇರೆ ಪೆಡಲ್ ಇಟ್ಟುಕೊಂಡಿದ್ದೇನೆ. ಹಳೇ ಸ್ಟಿಕ್‌ನ ಟ್ವಿಸ್ಟನ್ನು ಡಿಸಿಎಸ್‌ನ ಕಂಟ್ರೋಲ್ ಪಟ್ಟಿಯಿಂದ ಅಳಿಸಿದ್ದೇನೆ. ಇದರಲ್ಲೂ ಒಂದು ಕಿರಿಕಿರಿ ಇದೆ. ಸ್ಟಿಕ್ಕನ್ನು ಬೇರೆ ಪೋರ್ಟ್‌ಗೆ ಹಾಕಿದರೆ ಡಿಸಿಎಸ್ ಕೆಲವೊಮ್ಮೆ ಅದನ್ನು ಹೊಸ ಸಾಧನ ಅಂದುಕೊಂಡು, ಟ್ವಿಸ್ಟ್‌ಗೆ ತಾನಾಗಿಯೇ ಮತ್ತೆ ರಡ್ಡರ್ ಕಟ್ಟಿಬಿಡುತ್ತದೆ. ಪೆಡಲ್ ತುಳಿಯುತ್ತಿದ್ದರೂ ವಿಮಾನ ಮತ್ತೆ ಬಲಕ್ಕೆ ಹಾರಿದರೆ ಆ ಪಟ್ಟಿಯನ್ನೇ ಮೊದಲು ತೆರೆದು ನೋಡಿ.