ಚಾರಣಕ್ಕೆ ಹೋಗೋರೇ, "ನೆಟ್‌ವರ್ಕ್ ಇಲ್ಲ, ಹಾಗಾಗಿ ಜಿಪಿಎಸ್ ಇಲ್ಲ" ಅಂದರೆ ನಂಬಬೇಡಿ

"ಮೇಲೆ ನೆಟ್‌ವರ್ಕ್ ಇರಲ್ಲ, ಜಿಪಿಎಸ್ ಕೆಲಸ ಮಾಡಲ್ಲ. ಫೋನ್ ಆಫ್ ಮಾಡಿ ಬ್ಯಾಗಲ್ಲಿ ಇಟ್ಕೊಳ್ಳಿ." ಕೊಡಚಾದ್ರಿಗೆ ವಾರಾಂತ್ಯದ ಚಾರಣ ಕರೆದುಕೊಂಡು ಹೋಗುವ ಒಂದು ತಂಡ ನಮ್ಮ ಚಿಕ್ಕಪ್ಪನ ಮಗನಿಗೆ ಹೇಳಿದ ಮಾತಿದು. ಅದನ್ನು ನಂಬಿದ್ದಕ್ಕೆ ಹುಡುಗ ಕಾಲು ಉಳುಕಿಸಿಕೊಂಡು, ಜಿಗಣೆ ಕಚ್ಚಿಸಿಕೊಂಡು, ಇಡೀ ರಾತ್ರಿ ಮಳೆಯಲ್ಲಿ ಕೂತಿದ್ದ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಇಳಿಯುವಾಗ ಮಂಜು ಕವಿಯಿತು. ಅವನು ತಂಡದಿಂದ ಹಿಂದೆ ಉಳಿದ, ಕಾಲು ಜಾರಿತು. ಆಮೇಲೆ ಫೋನ್ ಆನ್ ಮಾಡಿದ. ಸಿಗ್ನಲ್ ಒಂದು ಕಡ್ಡಿ ಬರೋದು, ಹೋಗೋದು. ನನಗೆ ಕರೆ ಮಾಡಿ, "ಅಣ್ಣಾ, ಮ್ಯಾಪ್ ಖಾಲಿ ಬರ್ತಿದೆ, ಲೊಕೇಶನ್ ಕಳಿಸಿದ್ರೆ ಹೋಗ್ತಿಲ್ಲ" ಅಂದ. ಅಷ್ಟಕ್ಕೇ ಲೈನ್ ಕಟ್ಟಾಯಿತು.

ಪೊಲೀಸರು ಟವರ್ ಲೊಕೇಶನ್ ತೆಗೆಸಿದರು. ಅದು ಕೊಲ್ಲೂರು ಕಡೆಯ ಟವರ್ ತೋರಿಸಿತು. ಹುಡುಕಲು ಹೋದವರು ಆ ಇಳಿಜಾರಿನಲ್ಲಿ ಕೂಗುತ್ತಾ ಅಲೆದರು. ಅವನಿದ್ದದ್ದು ಬೆಟ್ಟದ ಈಚೆ, ನಿಟ್ಟೂರಿನ ಕಡೆ.

ಇಲ್ಲಿ ಪೊಲೀಸರ ತಪ್ಪೇನೂ ಇಲ್ಲ. ಫೋನ್ ಯಾವ ಟವರ್‌ಗೆ ಅಂಟಿಕೊಂಡಿದೆ, ಆ ಟವರ್‌ನ ಯಾವ ದಿಕ್ಕಿನಲ್ಲಿದೆ ಅನ್ನೋದಷ್ಟೇ ಸಾಮಾನ್ಯವಾಗಿ ಮೊಬೈಲ್ ಕಂಪನಿಯಿಂದ ಸಿಗೋದು. ಜಿಎಸ್‌ಎಂನಲ್ಲಿ, ಅಂದರೆ 2ಜಿ ನೆಟ್‌ವರ್ಕ್‌ನಲ್ಲಿ, 35 ಕಿ.ಮೀ. ದೂರದ ಫೋನೂ ಒಂದು ಟವರ್‌ಗೆ ಸಿಗಬಹುದು. ಊರಲ್ಲಿ ಟವರ್‌ಗಳು ಹತ್ತಿರ ಹತ್ತಿರ ಇರುತ್ತವೆ, ನಡೆಯುತ್ತದೆ. ಮಲೆನಾಡಿನಲ್ಲಿ ಟವರ್ ಲೊಕೇಶನ್ ನಂಬಿಕೊಂಡು ಹುಡುಕಿದರೆ ಒಂದು ಬೆಟ್ಟವೇ ಆಚೀಚೆ ಆಗುತ್ತದೆ.

ಜಿಪಿಎಸ್ ಸಮಾಚಾರವೇ ಬೇರೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯ ಹೇಳುತ್ತಲೇ ಇರುತ್ತವೆ. ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ಸಾಕು, ತಾನೆಲ್ಲಿದ್ದೇನೆ ಅಂತ ತಾನೇ ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಬೇಡ, ಡೇಟಾ ಬೇಡ. ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ನಡೆಯುತ್ತದೆ.

ನೆಟ್‌ವರ್ಕ್ ಸಹಾಯ ಮಾಡೋದು ಶುರುವಿನಲ್ಲಿ. ಉಪಗ್ರಹ ಈಗ ಎಲ್ಲಿದೆ ಅನ್ನುವ ವಿವರ ಇಂಟರ್ನೆಟ್‌ನಿಂದ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಇದಕ್ಕೆ ಎ-ಜಿಪಿಎಸ್ ಅನ್ನುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೆ ಅದೇ ವಿವರವನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಅದು 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ದಟ್ಟ ಮರದ ಕೆಳಗೆ ನಡುವೆ ಕಡಿದುಹೋದರೆ ಮತ್ತೆ ಮೊದಲಿಂದ ಕಾಯಬೇಕು. ಹಾಗೆ ಸಿಕ್ಕ ವಿವರವೂ ಕೆಲವು ಗಂಟೆ ಮಾತ್ರ ಬಾಳುತ್ತದೆ. ಇಡೀ ದಿನ ಆಫ್ ಆಗಿದ್ದ ಫೋನಿನಲ್ಲಿ ಅದು ಹಳಸಿತ್ತು. ಅದಕ್ಕೇ ನಮ್ಮ ಹುಡುಗನ ಫೋನ್ ಮೊದಲು ದೊಡ್ಡ ತಿಳಿನೀಲಿ ವೃತ್ತ ತೋರಿಸಿದ್ದು. ವೃತ್ತ ದೊಡ್ಡದಿದ್ದರೆ ಅದು ಹೆಚ್ಚಾಗಿ ಟವರ್ ಅಂದಾಜು. ಅದು ಕುಗ್ಗಿ, ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆಯ ಸುತ್ತ ಬರುವ ತನಕ ಬಯಲಲ್ಲಿ ಕಾಯಿರಿ.

ಮ್ಯಾಪ್ ಖಾಲಿ ಇದ್ದದ್ದು ಚಿತ್ರ ಇಳಿಸಿಕೊಳ್ಳಲು ಡೇಟಾ ಇರಲಿಲ್ಲ ಅಂತ. ಚುಕ್ಕೆ ಬೇರೆ, ಅದರ ಹಿಂದಿನ ಚಿತ್ರ ಬೇರೆ.

ಜಿಪಿಎಸ್ ಅಂದರೆ ಮೊಬೈಲ್ ಕಂಪನಿ ಕೊಡುವ ಸೇವೆ ಅನ್ನುವ ನಂಬಿಕೆಗೆ ಕಂಪನಿಗಳ ಪಾಲೂ ಇದೆ. 2007ರ ಸುಮಾರಿಗೆ ಅಮೆರಿಕದಲ್ಲಿ ವೆರಿಝಾನ್ ಮಾರಿದ ಬ್ಲ್ಯಾಕ್‌ಬೆರಿ 8830ರ ಒಳಗೆ ಜಿಪಿಎಸ್ ಇತ್ತು, ಆದರೆ ಬೇರೆ ಆ್ಯಪ್‌ಗಳಿಗೆ ಸಿಗದ ಹಾಗೆ ಬೀಗ ಹಾಕಿದ್ದರು. ದಾರಿ ನೋಡಬೇಕಾದರೆ ಅವರದೇ ಸೇವೆಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಿತ್ತು. ಆಕಾಶದಿಂದ ಪುಕ್ಕಟೆ ಬರುವುದಕ್ಕೆ ಬಾಡಿಗೆ! ಈಗ ಅಂಥ ಬೀಗ ಕಾಣುವುದಿಲ್ಲ. ಆದರೆ ಕೆಲವು ಫೋನ್‌ಗಳಲ್ಲಿ ಎಪಿಎನ್ (ಸಿಮ್‌ನ ಡೇಟಾ ಸಂಪರ್ಕದ) ಸೆಟ್ಟಿಂಗ್‌ನಲ್ಲಿ 'ಎಸ್‌ಯುಪಿಎಲ್' ಅನ್ನೋದು ಬಿಟ್ಟುಹೋಗಿದ್ದರೆ ಮೊಬೈಲ್ ಡೇಟಾ ಮೇಲೆ ಆ ಶುರುವಿನ ಸಹಾಯ ಬರದೆ ಹೋಗಬಹುದು. ಹೊಸ ಸಿಮ್ ಹಾಕಿದಾಗ ಒಮ್ಮೆ ನೋಡಿಕೊಳ್ಳಿ.

ಲೈನ್ ಕಟ್ಟಾದ ಮೇಲೆ ನಾನು ಎಸ್ಸೆಮ್ಮೆಸ್ ಹಾಕಿದೆ: "ನೀಲಿ ಚುಕ್ಕೆ ಮೇಲೆ ಒತ್ತಿ ಹಿಡಿ. ಮೇಲೆ ಬರೋ ಅಂಕಿ ಪೂರ್ತಿ ಕಳಿಸು." ಎಸ್ಸೆಮ್ಮೆಸ್ ಸಿಗ್ನಲ್‌ಗಾಗಿ ಕಾದಿರುತ್ತದೆ, ಒಂದು ಕ್ಷಣ ಸಿಕ್ಕರೂ ತಲುಪುತ್ತದೆ. ಉತ್ತರ ಬಂದದ್ದು ಬೆಳಗಿನ ಜಾವ. 13.8ರಿಂದ ಶುರುವಾಗುವ ಒಂದು ಸಂಖ್ಯೆ (ಅಕ್ಷಾಂಶ), 74.8ರಿಂದ ಶುರುವಾಗುವ ಇನ್ನೊಂದು (ರೇಖಾಂಶ). ಅದನ್ನು ಹಿಡಿದು ಹೋದವರು ನೇರ ಅವನ ಹತ್ತಿರವೇ ಹೋಗಿ ನಿಂತರು.

ಅಂಕಿಗಳನ್ನು ಮೊಟಕು ಮಾಡಬೇಡಿ. ಚುಕ್ಕಿಯ ನಂತರ ಎರಡೇ ಅಂಕಿ ಇದ್ದರೆ ಒಂದು ಕಿ.ಮೀ. ವ್ಯತ್ಯಾಸ ಆಗಬಹುದು. ನಾಲ್ಕು ಅಂಕಿ ಇದ್ದರೆ ಹತ್ತು ಹನ್ನೊಂದು ಮೀಟರ್ ಅಷ್ಟೇ. ಐಫೋನ್ ಇದ್ದವರಿಗೆ ಕಂಪಾಸ್ ಆ್ಯಪ್‌ನ ಕೆಳಗಡೆ ಇದೇ ವಿವರ ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಕಾಣುತ್ತದೆ. ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಆ ಜಾಗದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಬ್ಯಾಟರಿ ಉಳಿಸಬೇಕಾದರೆ ಏರೋಪ್ಲೇನ್ ಮೋಡ್ ಹಾಕಿ, ಫೋನ್ ಆಫ್ ಮಾಡಬೇಡಿ. ಸಿಗ್ನಲ್ ಇಲ್ಲದ ಕಡೆ ಬ್ಯಾಟರಿ ಜಾಸ್ತಿ ತಿನ್ನೋದು ಟವರ್ ಹುಡುಕಾಟವೇ.

ಆ ತಂಡ ಈಗಲೂ ವಾಟ್ಸ್ಆ್ಯಪ್‌ನಲ್ಲಿ ಅದೇ ಸೂಚನೆ ಕಳಿಸುತ್ತಿದೆ. ನೀವಾಗಲಿ ನಿಮ್ಮ ಮಕ್ಕಳಾಗಲಿ ಯಾವುದೇ ತಂಡದ ಜೊತೆ ಹೊರಟರೆ, ದುಡ್ಡು ಕಟ್ಟುವ ಮೊದಲು ಕೇಳಿ: ಯಾರಾದರೂ ತಪ್ಪಿಸಿಕೊಂಡರೆ ಅವರಿರುವ ಜಾಗ ನಿಮಗೆ ಹೇಗೆ ಗೊತ್ತಾಗುತ್ತದೆ? "ಅಲ್ಲಿ ನೆಟ್‌ವರ್ಕ್ ಇಲ್ಲ ಸಾರ್, ಏನೂ ಮಾಡಕ್ಕಾಗಲ್ಲ" ಅಂದರೆ ಅವರ ಜೊತೆ ಹೋಗಬೇಡಿ.